ಒಂಬತ್ತನೇ ಕಾಲಂನಲ್ಲಿ ಅಜ್ಜ

ಬ್ಯಾಂಕಿನ ಬಾಗಿಲು ತೆರೆಯುವುದು ಹತ್ತಕ್ಕೆ. ಮೆಟ್ಟಿಲ ಮೇಲಿನ ಸರತಿ ಒಂಬತ್ತಕ್ಕೇ ಶುರುವಾಗಿದೆ, ಮನುಷ್ಯರಿಲ್ಲದೆ. ಮೊದಲು ಒಂದು ಜೊತೆ ಹವಾಯಿ ಚಪ್ಪಲಿ, ಅದರ ಹಿಂದೆ ಕೈಚೀಲ, ಅದರ ಹಿಂದೆ ನೀರಿನ ಬಾಟಲಿ, ಆಮೇಲೆ ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿದ ಪಾಸ್‌ಬುಕ್ಕು. ಇವುಗಳ ಒಡತಿಯರು ಎದುರು ಹೋಟೆಲಿನ ನೆರಳಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದಾರೆ. ಯಾರ ಚಪ್ಪಲಿ ಯಾರ ಚೀಲಕ್ಕಿಂತ ಮುಂದಿತ್ತು ಎನ್ನುವುದು ಎಲ್ಲರಿಗೂ ಬಾಯಿಪಾಠ. ಒಂದನ್ನು ಸರಿಸಿ ನೋಡಿ, ಗೊತ್ತಾಗುತ್ತದೆ.

2025ರ ಜೂನ್. ತಿಪಟೂರು ಸೀಮೆಯ ಒಂದು ಹೋಬಳಿ ಊರು, ಅಲ್ಲೊಂದು ಸರ್ಕಾರಿ ಬ್ಯಾಂಕಿನ ಶಾಖೆ. ಕೆಳಗೆ ಬ್ಯಾಂಕು, ಮೇಲೆ ಕಟ್ಟಡದ ಮಾಲೀಕರ ಮನೆ, ಪಕ್ಕದಲ್ಲಿ ಗೊಬ್ಬರದಂಗಡಿ. ಯೂರಿಯಾ ವಾಸನೆ ಕ್ಯಾಶ್ ಕೌಂಟರಿನವರೆಗೂ ಬರುತ್ತದೆ. ನಾನು ತುಮಕೂರಿನ ಕಾಲೇಜಿನಿಂದ ಎಂಬಿಎ ಇಂಟರ್ನ್‌ಶಿಪ್ಪಿಗೆ ಬಂದವಳು. ಕಾಲೇಜಿನ ಪತ್ರ ಓದಿದ ಮ್ಯಾನೇಜರ್ ಸರ್ ಕನ್ನಡಕ ತೆಗೆದು ಹೇಳಿದ್ದು ಇಷ್ಟೇ: “ಸಿಸ್ಟಂ ಮುಟ್ಟಬೇಡ. ಕ್ಯಾಶ್ ಹತ್ರ ಹೋಗಬೇಡ. ಯಾರ ಖಾತೇಲಿ ಎಷ್ಟಿದೆ ಅಂತ ಹೊರಗೆ ಬಾಯಿ ಬಿಡಬೇಡ. ಉಳಿದದ್ದೆಲ್ಲ ಕಲಿ.”

ಉಳಿದದ್ದು ಎಂದರೆ ಕಂಬದ ಪಕ್ಕದ ಪುಟ್ಟ ಮೇಜು, ಒಂದು ಪ್ಲಾಸ್ಟಿಕ್ ಕುರ್ಚಿ, ದಾರ ಕಟ್ಟಿದ ಪೆನ್ನು. ಚಲನ್ ತುಂಬಿಕೊಡುವುದು ನನ್ನ ಪಾಲಿನ ಬ್ಯಾಂಕಿಂಗ್.

ಅಟೆಂಡರ್ ಅಣ್ಣ ಶಟರ್ ಎತ್ತುತ್ತಾನೆ. ಒಳಗೆ ಸ್ಟ್ರಾಂಗ್ ರೂಮಿನ ಬಾಗಿಲಲ್ಲಿ ಕ್ಯಾಶಿಯರ್ ಒಂದು ಕೀ, ಆಫೀಸರ್ ಇನ್ನೊಂದು ಕೀ ಹಿಡಿದು ನಿಂತಿದ್ದಾರೆ. ಎರಡೂ ತಿರುಗದೆ ಅದು ತೆರೆಯುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಬಸ್ಸು ತಪ್ಪಿದರೆ ಇಡೀ ಹೋಬಳಿಗೆ ದುಡ್ಡಿಲ್ಲ. ಇವತ್ತು ಬಸ್ಸು ಸಿಕ್ಕಿದೆ. ಹತ್ತು ಹೊಡೆಯುವಷ್ಟರಲ್ಲಿ ಚಪ್ಪಲಿಗಳೆಲ್ಲ ಮನುಷ್ಯರಾಗಿ ಒಳಗೆ ಬಂದಿವೆ.

“ಏನವ್ವಾ, ನನ್ ದುಡ್ಡು ಯಾರು ತಕಂಡ್ರು?”

ಪಾಸ್‌ಬುಕ್ಕು ನನ್ನ ಮೂಗಿನ ಮುಂದಿದೆ. ನಲವತ್ತರ ಆಸುಪಾಸಿನ ಹೆಂಗಸು, ತಲೆಯ ಮೇಲೆ ಸೆರಗು, ಬೆರಳು ಒತ್ತಿ ಹಿಡಿದಿರುವುದು ಒಂದು ಸಾಲಿನ ಮೇಲೆ. ಗೃಹಲಕ್ಷ್ಮಿಯ 2,000 ಜಮಾ ಆಗಿದೆ. ಅದರ ಹತ್ತಿರದಲ್ಲೇ 436 ಖರ್ಚು, ಅದರ ಕೆಳಗೆ 20. ಜೀವನಜ್ಯೋತಿ ಮತ್ತು ಸುರಕ್ಷಾ ವಿಮೆಯ ವರ್ಷದ ಕಂತು. ಜೂನ್ ಒಂದರಿಂದ ಮೇ ಮೂವತ್ತೊಂದರವರೆಗಿನ ವಿಮೆ, ಹಣ ತನ್ನಷ್ಟಕ್ಕೇ ಕಡಿತವಾಗುತ್ತದೆ. ಒಂದು ಯಾವ ಸಾವಿಗೂ ಎರಡು ಲಕ್ಷ ಕೊಡುವುದು, ಇನ್ನೊಂದು ಅಪಘಾತಕ್ಕೆ. ನಾನು ಇದನ್ನೆಲ್ಲ ಪಠ್ಯಪುಸ್ತಕದ ಕ್ರಮದಲ್ಲಿ ವಿವರಿಸುತ್ತೇನೆ: ಯೋಜನೆ, ಉದ್ದೇಶ, ಅರ್ಹತೆ, ಪ್ರೀಮಿಯಂ. ಆಕೆ ಕೇಳಿಸಿಕೊಂಡು, “ಅದೆಲ್ಲ ಸರಿ, ದುಡ್ಡು ಯಾರು ತಕಂಡ್ರು?” ಎನ್ನುತ್ತಾಳೆ.

ಫೈಲು ಹೊತ್ತು ಹೋಗುತ್ತಿದ್ದ ಅಟೆಂಡರ್ ಅಣ್ಣ ನಿಲ್ಲದೆಯೇ ಹೇಳುತ್ತಾನೆ: “ಹೋದೊರ್ಸ ನಿಮ್ಮೂರ ತಳಗಟ್ಟ ಮನೆಯೋರಿಗೆ ಎರಡು ಲಕ್ಷ ಬಂತಲ್ಲ, ಮಗ ತೀರ್ಕಂಡಾಗ? ಅದೇ ಇದು.”

“ಓ, ಅದಾ?” ಪಾಸ್‌ಬುಕ್ಕು ಸೆರಗಿನೊಳಗೆ ಹೋಯಿತು. ಮುಂದಿನವರು.

ಬ್ಯಾಂಕ್ ಮಿತ್ರನ ಮೇಜಿನಲ್ಲಿ ಬೇರೆ ಗೋಳು. ಬೆರಳಚ್ಚಿನ ಯಂತ್ರ ಒಬ್ಬ ಮುದುಕನನ್ನು ಒಪ್ಪುತ್ತಿಲ್ಲ. ಆಧಾರ್ ಹೆಬ್ಬೆಟ್ಟು ಕೇಳುತ್ತದೆ, ವರ್ಷಾನುಗಟ್ಟಲೆ ಕಾಯಿ ಸುಲಿದ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಉಳಿದಿಲ್ಲ. ಆತ ಬೆರಳನ್ನು ತಲೆಗೂದಲಿಗೆ ಒರೆಸಿ ಎಣ್ಣೆ ಹತ್ತಿಸಿಕೊಂಡು ಮತ್ತೆ ಒತ್ತುತ್ತಾನೆ. ಕೆಂಪು ದೀಪ. ಇನ್ನೊಂದು ಬೆರಳು. ಕೆಂಪು. ಉಂಗುರದ ಬೆರಳಿಗೆ ಹಸಿರು ಬಂತು. ಆ ಬೆರಳು ಕತ್ತಿ ಹಿಡಿಯುವಾಗ ಅಷ್ಟು ಸವೆಯುವುದಿಲ್ಲವಂತೆ. ಮಿತ್ರನಿಗೆ ಇದು ಗೊತ್ತು, ಯಂತ್ರ ಮಾಡಿದವರಿಗೆ ಗೊತ್ತಿದೆಯೋ ಇಲ್ಲವೋ.

ಉಳಿದಂತೆ ಬೆಳಗಿನ ಕೆಲಸವೆಲ್ಲ ಹೆಸರು ಹೊಂದಿಸುವುದು. ಆಧಾರ್‌ನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು. ಲಕ್ಷ್ಮಮ್ಮ, ಲಕ್ಷ್ಮೀದೇವಮ್ಮ, ‘ಕೋಂ’ ಹಾಕಿ ಗಂಡನ ಹೆಸರು. ಮೂವರೂ ನನ್ನೆದುರು ಒಂದೇ ಜೀವವಾಗಿ ನಿಂತಿದ್ದಾರೆ, ಕಂಪ್ಯೂಟರಿಗೆ ಮಾತ್ರ ಮೂರು ಜನ. ಕೌಂಟರಿನ ಆಫೀಸರ್ ಬಿಹಾರದ ಹುಡುಗ, ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನಿರಬೇಕು. ಅವನು ಮೊದಲು ಕಲಿತ ಕನ್ನಡ ‘ನಾಳೆ ಬನ್ನಿ’. ಎರಡನೆಯದು ‘ಹೆಬ್ಬೆಟ್ಟು’. ಅವನನ್ನು ಬೈದುಕೊಂಡು ಹೋಗುವವರಿದ್ದಾರೆ, ಬೈಯುವುದಕ್ಕೆ ಕಾರಣವೂ ಇದೆ. ಆದರೆ ಕನ್ನಡದ ಊರಿನ ಬ್ಯಾಂಕಿನಲ್ಲಿ ಕನ್ನಡ ಬಾರದವನನ್ನು ಕೂರಿಸಿದ್ದು ಅವನಲ್ಲ, ಬೈಗುಳ ಮಾತ್ರ ಅವನಿಗೆ. ನಾನು ನಡುವೆ ನಿಂತು ಅತ್ತಿಂದಿತ್ತ ಮಾತು ದಾಟಿಸುತ್ತೇನೆ. ಹನ್ನೆರಡರ ಹೊತ್ತಿಗೆ ಗಂಟಲು ಒಣಗಿದೆ.

ಇವತ್ತು ಸರಾಫರು ಬರುವ ದಿನ.

ಮ್ಯಾನೇಜರ್ ಕೋಣೆಯ ಪಕ್ಕದ ಮೇಜಿನ ಮೇಲೆ ಅವರು ಬಿಳಿ ಬಟ್ಟೆ ಹಾಸುತ್ತಾರೆ. ಅದರ ಮೇಲೆ ಒರೆಗಲ್ಲು: ಕಪ್ಪು, ಅಂಗೈಯಗಲ, ಅಂಚು ಸವೆದದ್ದು. ಪುಟ್ಟ ಗಾಜಿನ ಸೀಸೆಯಲ್ಲಿ ನೈಟ್ರಿಕ್ ಆಸಿಡ್, ಒಂದು ಭೂತಗನ್ನಡಿ, ಡಿಜಿಟಲ್ ತಕ್ಕಡಿ. ಎದುರು ಕೂತಾಕೆಗೆ ಮೂವತ್ತು ದಾಟಿರಲಿಕ್ಕಿಲ್ಲ. ಕರ್ಚೀಫಿನ ಗಂಟು ಬಿಚ್ಚುತ್ತಾಳೆ. ಎರಡೆಳೆ ಸರ, ಒಂದು ಜೊತೆ ಓಲೆ. ಕತ್ತಿನಲ್ಲಿ ಅರಿಶಿನದ ದಾರ, ಅದರಲ್ಲಿ ತಾಳಿ ಮಾತ್ರ ಇದೆ. ಅದನ್ನು ಬಿಚ್ಚಿಲ್ಲ, ಬಿಚ್ಚಿ ಎಂದು ಯಾರೂ ಕೇಳಲೂ ಇಲ್ಲ.

ಸರಾಫರು ಸರದ ಕೊಂಡಿಯ ಹತ್ತಿರ, ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ, ಕಲ್ಲಿಗೆ ಉಜ್ಜುತ್ತಾರೆ. ಕಪ್ಪಿನ ಮೇಲೆ ಹಳದಿ ಗೆರೆ. ಅದರ ಪಕ್ಕದಲ್ಲೇ ತಮ್ಮ ಕಡ್ಡಿಯಿಂದ ಇನ್ನೊಂದು ಗೆರೆ. ಅದು ಗೊತ್ತಿರುವ 22 ಕ್ಯಾರೆಟ್. ಎರಡರ ಮೇಲೂ ಒಂದೊಂದು ಹನಿ ಆಸಿಡ್. ಹಿತ್ತಾಳೆಯಾದರೆ ಹಸಿರಾಗಿ ಕುದ್ದು ಗೆರೆ ಕರಗಿಬಿಡುತ್ತದೆ. ಯಾರೂ ಮಾತಾಡುವುದಿಲ್ಲ. ಆಕೆ ನೋಡುತ್ತಿರುವುದು ಗೆರೆಯನ್ನಲ್ಲ, ಸರಾಫರ ಮುಖವನ್ನು. ಗೆರೆ ನಿಂತಿತು. “ಚೆನ್ನಾಗೈತೆ ತಾಯಿ,” ಎಂದರು. ಓಲೆಯಲ್ಲಿ ಕೆಂಪು ಹರಳಿದೆ, ಒಳಗೆ ಅರಗಿದೆ. ಅದರ ತೂಕ ಕಳೆಯಬೇಕು. ಒಟ್ಟು ತೂಕ ಒಂದು, ನಿವ್ವಳ ತೂಕ ಒಂದು. ಸಾಲ ಸಿಗುವುದು ನಿವ್ವಳಕ್ಕೆ. ಹರಳಿನ ಚೆಂದಕ್ಕೆ ಬ್ಯಾಂಕಿನಲ್ಲಿ ಬೆಲೆ ಇಲ್ಲ.

ನೂರು ರೂಪಾಯಿಯ ಚಿನ್ನಕ್ಕೆ ಎಪ್ಪತ್ತೈದು ರೂಪಾಯಿವರೆಗೆ ಸಾಲ. ಎರಡೂವರೆ ಲಕ್ಷದೊಳಗಿನ ಸಾಲಕ್ಕೆ ಎಂಬತ್ತೈದರವರೆಗೆ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ ಈ ತಿಂಗಳಷ್ಟೇ ಹೊಸ ನಿಯಮ ಹೊರಡಿಸಿದೆ. ಬ್ಯಾಂಕುಗಳು ಅದನ್ನು ಜಾರಿಗೆ ತರಲು ಮುಂದಿನ ಏಪ್ರಿಲ್ ಒಂದರವರೆಗೆ ಗಡುವು. ಆಕೆಗೆ ಬೇಕಿರುವುದು ಈ ವಾರ. ಮಗಳ ಶಾಲೆಯ ಫೀಸು, ತೋಟಕ್ಕೆ ಗೊಬ್ಬರ.

“ತೋಟ ಇದ್ಯಾ? ಪಹಣಿ ತಂದಿದ್ರೆ ಕೃಷಿ ಲೆಕ್ಕದಲ್ಲಿ ಮಾಡ್ಕೊಡ್ತೀನಿ, ಬಡ್ಡಿ ಕಮ್ಮಿ ಬೀಳುತ್ತೆ,” ಎಂದು ಮ್ಯಾನೇಜರ್ ಸರ್ ಕೋಣೆಯಿಂದಲೇ ಕೂಗುತ್ತಾರೆ. ಇದು ಉದಾರತೆ ಮಾತ್ರವಲ್ಲ. ಬ್ಯಾಂಕು ಕೊಡುವ ಸಾಲದಲ್ಲಿ ನೂರಕ್ಕೆ 40 ಆದ್ಯತಾ ವಲಯಕ್ಕೆ ಹೋಗಬೇಕು, ಅದರೊಳಗೆ 18 ಕೃಷಿಗೇ ಹೋಗಬೇಕು ಎಂಬ ಗುರಿ ಇದೆ. ಅದೇ ಸರ, ಅದೇ ಓಲೆ. ಜೊತೆಗೊಂದು ಪಹಣಿ ಇದ್ದರೆ ಅದು ಕೃಷಿ ಸಾಲ, ಇಲ್ಲದಿದ್ದರೆ ಬರೀ ಒಡವೆ ಸಾಲ.

ಆಕೆ ಪಹಣಿ ತಂದಿದ್ದಾಳೆ. ಪ್ಲಾಸ್ಟಿಕ್ ಕವರಿನಿಂದ ಜೋಪಾನವಾಗಿ ತೆಗೆದು ಕೊಡುತ್ತಾಳೆ. ಸರ್ ಒಂಬತ್ತನೇ ಕಾಲಂ ನೋಡುತ್ತಾರೆ, ಅಲ್ಲಿರುವುದು ಹಕ್ಕುದಾರರ ಹೆಸರು. ಆಕೆಯ ಗಂಡನದಲ್ಲ. ಮಾವನದೂ ಅಲ್ಲ. ಗಂಡನ ಅಜ್ಜನದು.

“ಇವರು?”

“ತೀರ್ಕಂಡು ಬಾಳ ವರ್ಸ ಆಯ್ತು ಸಾ. ನಾನು ನೋಡೇ ಇಲ್ಲ.”

ಪೌತಿ ಖಾತೆ ಆಗಿಲ್ಲ, ಅಂದರೆ ಸತ್ತವರ ಹೆಸರಿನಿಂದ ಜಮೀನು ವಾರಸುದಾರರ ಹೆಸರಿಗೆ ಬಂದಿಲ್ಲ. ಅಜ್ಜನಿಗೆ ನಾಲ್ಕು ಮಕ್ಕಳು. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮಾತು ಬಿಟ್ಟಿದ್ದಾರೆ, ಎಲ್ಲರ ಸಹಿ ಬೇಕು. ತೋಟ ಭಾಗವಾಗಿದೆ, ಬೇಲಿ ಬಿದ್ದಿದೆ, ನೀರು ಬೇರೆ, ಕಾಯಿ ಬೇರೆ. ಕಾಗದದಲ್ಲಿ ಮಾತ್ರ ಇಡೀ ಜಮೀನು ಇನ್ನೂ ಅಜ್ಜನ ಸ್ವಾಧೀನದಲ್ಲಿದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದಾಗ ಅಜ್ಜನೂ ಏರಿದ, ಇಳಿಸುವವರಿಲ್ಲ. ಸರ್ಕಾರ ಪೌತಿ ಖಾತೆ ಆಂದೋಲನ ಎನ್ನುತ್ತಿದೆ. ಊರ ಕಡೆ ಅದಿನ್ನೂ ಬರೀ ಮಾತಿನಲ್ಲಿದೆ.

ಹಾಗಾಗಿ ಈಕೆಯ ಗಂಡನಿಗೆ ಕಿಸಾನ್ ಕಾರ್ಡು ಇಲ್ಲ, ಬೆಳೆ ಸಾಲವಿಲ್ಲ. ಈ ವರ್ಷ ಜನವರಿಯಿಂದ ಅಡಮಾನವಿಲ್ಲದೆ ಎರಡು ಲಕ್ಷದವರೆಗೆ ಕೃಷಿ ಸಾಲ ಕೊಡಬಹುದು ಎಂದಾಗಿದೆ, ಗೋಡೆಯ ಮೇಲೆ ಪೋಸ್ಟರೂ ಇದೆ. ಅಡಮಾನ ಬೇಡ, ನಿಜ. ಒಂಬತ್ತನೇ ಕಾಲಂನಲ್ಲಿ ಜೀವಂತ ಹೆಸರು ಬೇಕು.

ಒಡವೆ ಸಾಲವೇ ಆಯಿತು. ಸರ ಮತ್ತು ಓಲೆ ಬಟ್ಟೆಯ ಚೀಲದೊಳಗೆ ಹೋಗಿ, ಬಾಯಿಗೆ ಸೀಲ್ ಬಿದ್ದು, ನಂಬರು ಹತ್ತಿಸಿಕೊಂಡು ಸ್ಟ್ರಾಂಗ್ ರೂಮಿನತ್ತ ನಡೆದವು. ಆಕೆ ಬರಿದಾದ ಕರ್ಚೀಫನ್ನು ಮಡಿಸಿ ಇಟ್ಟುಕೊಂಡಳು.

ಮಧ್ಯಾಹ್ನ ಊಟವಾದ ಮೇಲೆ ಫೀಲ್ಡ್ ಆಫೀಸರ್ ಮೇಡಂ ಹೆಲ್ಮೆಟ್ ಎತ್ತಿಕೊಂಡರು. “ಬರ್ತೀಯೇನ? ಇಲ್ಲಿ ಕುಂತ್ರ ಏನೂ ತಿಳಿಯಂಗಿಲ್ಲ.” ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಓದಿದವರು. ಅವರ ಕನ್ನಡ ಈ ಕಡೆಯವರಿಗೆ ಮೊದಮೊದಲು ತಮಾಷೆ, ಈಗ ರೂಢಿ. ಸ್ಕೂಟರಿನ ಡಿಕ್ಕಿಯಲ್ಲಿ ಫೈಲು, ಹಿಂದಿನ ಸೀಟಿನಲ್ಲಿ ನಾನು.

ದಾರಿಯ ಎರಡೂ ಬದಿಗೆ ತೆಂಗು. ದೂರದಿಂದ ಹಸಿರು, ಹತ್ತಿರ ಹೋದರೆ ಕೆಳಗಿನ ಗರಿಗಳ ಮೇಲೆ ಬಿಳಿ ನೊಣದ ಕರಿಮಸಿ, ಕೆಲವು ಬೊಡ್ಡೆಯಲ್ಲಿ ಕಂದು ರಸ ಸೋರಿದ ಕಲೆ. ಮೇಡಂ ಗಾಡಿ ನಿಧಾನ ಮಾಡಿ ಗರಿ ಎಣಿಸುತ್ತಾರೆ, ಗೊನೆ ನೋಡುತ್ತಾರೆ. ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟದ್ದು 90 ದಿನ: ಕಂತು ಅಷ್ಟು ದಿನ ಬಾಕಿ ಬಿದ್ದರೆ ಸಾಲ ಎನ್‌ಪಿಎ. ಬೆಳೆ ಸಾಲಕ್ಕೆ ಆ ಲೆಕ್ಕವಲ್ಲ, ಅಲ್ಲಿ ಹಂಗಾಮಿನ ಲೆಕ್ಕ. ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು. ಬ್ಯಾಂಕಿನ ಕ್ಯಾಲೆಂಡರು ಮರದ ಕ್ಯಾಲೆಂಡರಿಗೆ ಒಂದಿಷ್ಟು ಬಗ್ಗಿದ ಜಾಗ ಇದೊಂದೇ ಎಂದು ನನ್ನ ಲೆಕ್ಕ.

ಮನೆ ಹಳೆಯದು, ನಾಡಹೆಂಚು. ಯಜಮಾನರು ಜಗುಲಿಯಲ್ಲಿ ಎದ್ದು ನಿಂತು, “ಬನ್ನಿ ಮೇಡಂನೋರೆ, ಕಾಗದ ಕಳಿಸಿದ್ರೆ ನಾನೇ ಬತ್ತಿದ್ದೆ,” ಎಂದರು. ಬೆಳೆ ಸಾಲ ಎರಡು ಲಕ್ಷ, ಈ ತಿಂಗಳ ಕೊನೆಗೆ ವರ್ಷ ತುಂಬುತ್ತದೆ. ಇವರ ಪಹಣಿ ಶುದ್ಧ: ಒಂಬತ್ತರಲ್ಲಿ ಇವರ ಹೆಸರು, ಹನ್ನೊಂದರಲ್ಲಿ ನಮ್ಮ ಬ್ಯಾಂಕಿನ ಋಣ.

ಮೇಡಂ ನೀರು ಕುಡಿದು ಲೋಟ ಇಡುವಾಗ ಕಣ್ಣೆತ್ತಿ ಅಟ್ಟ ನೋಡುತ್ತಾರೆ. “ಎಷ್ಟ ಅದಾವ್ರೀ ಕಾಯಿ?”

ತಿಪಟೂರು ಕಡೆ ರೈತನ ಬ್ಯಾಲೆನ್ಸ್ ಶೀಟು ಅಟ್ಟದ ಮೇಲಿರುತ್ತದೆ. ಬಲಿತ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ಅವಸರಕ್ಕೆ ಒಡೆದರೆ ದುಡ್ಡಿಲ್ಲ. ಯಜಮಾನರು ಏಣಿ ಹತ್ತಿ ಒಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಬುಳಕ್ ಎಂದಿತು. “ನೀರೈತೆ. ಇದಕ್ಕಿನ್ನೂ ಟೇಮು.” ಇನ್ನೊಂದು ತಂದರು. ಒಳಗೆ ಗಟ್ಟಿ ಉಂಡೆ ಉರುಳಿದ ಸದ್ದು, ಕಟಕಟ. “ಇದಾಯ್ತು ನೋಡವ್ವ.” ಈ ಸಲ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100. ಮಾರುಕಟ್ಟೆ ಅದನ್ನು ಹಿಂದೆ ಹಾಕಿ ಎಲ್ಲೋ ಹೋಗಿದೆ. ಬೆಲೆ ಇದ್ದಾಗ ಅಟ್ಟ ಅರ್ಧ ಖಾಲಿ, ಅಟ್ಟ ತುಂಬಿದಾಗ ಬೆಲೆ ಇಲ್ಲ ಎಂದು ಅವರು ನಕ್ಕರು. ಇರುವ ಕಾಯಿಯಲ್ಲಿ ಮುಕ್ಕಾಲು ಇನ್ನೂ ಬುಳಕ್ ಎನ್ನುತ್ತಿವೆ. ಜೂನ್ ಮೂವತ್ತಕ್ಕೆ ಅವು ಕಟಕಟ ಎನ್ನುವುದಿಲ್ಲ.

“ಮತ್ತ ಹೆಂಗ ಕಟ್ತೀರಿ?”

“ಅದೇ. ವರ್ಸೊರ್ಸದ್ದೇ. ಎರಡು ದಿನದ ಮಟ್ಟಿಗೆ ಕೈಸಾಲ ತರ್ತೀನಿ. ಕಟ್ತೀನಿ. ನೀವು ಮಾರನೇ ದಿನ ಬಿಟ್ಟುಕೊಡ್ತೀರಿ. ಅವನಿಗೆ ಕೊಟ್ಬಿಡ್ತೀನಿ.”

ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇಕಡ 7. ವರ್ಷದೊಳಗೆ ತೀರಿಸಿದವರಿಗೆ ಕೇಂದ್ರ ಸರ್ಕಾರ ಶೇಕಡ 3 ಬಿಟ್ಟುಕೊಡುತ್ತದೆ, ಉಳಿಯುವುದು 4. ಇದಕ್ಕಾಗಿ ಅಸಲು ಒಮ್ಮೆ ಪೂರ್ತಿ ಒಳಬಂದು ಹೊರಹೋಗಬೇಕು. ಕೈಸಾಲ ಕೊಡುವವನದು ನೂರಕ್ಕೆ ಮೂರು ರೂಪಾಯಿ, ತಿಂಗಳಿಗೆ. ಎರಡು ದಿನ ಇಟ್ಟುಕೊಂಡರೂ ಒಂದು ತಿಂಗಳ ಬಡ್ಡಿಯೇ. ನಾನು ಬ್ಯಾಗಿನಲ್ಲಿದ್ದ ಚಲನ್ ತಿರುಗಿಸಿ ಲೆಕ್ಕ ಹಾಕಿದೆ. ಎರಡು ಲಕ್ಷಕ್ಕೆ ವರ್ಷಕ್ಕೆ ಶೇಕಡ 3ರ ಸರ್ಕಾರದ ರಿಯಾಯಿತಿ: 6,000. ಎರಡು ಲಕ್ಷಕ್ಕೆ ತಿಂಗಳಿಗೆ ನೂರಕ್ಕೆ ಮೂರರ ಕೈಸಾಲದ ಬಡ್ಡಿ: 6,000. ಇನ್ನೊಂದು ಸಲ ಹಾಕಿದೆ. ಅಷ್ಟೇ.

ದೆಹಲಿಯಿಂದ ಹೊರಟ ಆರು ಸಾವಿರ ಈ ಜಗುಲಿಗೆ ಬಂದು, ಕಾಫಿ ಕುಡಿಯುವಷ್ಟು ಹೊತ್ತೂ ನಿಲ್ಲದೆ, ಕೈಸಾಲದವನ ಮನೆಗೆ ಹೋಗುತ್ತದೆ.

ಯಜಮಾನರಿಗೆ ಕಾಗದ ತೋರಿಸಿದೆ. ಅವರು ನೋಡಲೂ ಇಲ್ಲ. “ಗೊತ್ತು ಕಣವ್ವ. ಅಷ್ಟಕ್ಕಷ್ಟೇ. ಕಟ್ಟದೆ ಬಿಟ್ರೆ ಮುಂದ್ಲೊರ್ಸ ಸಾಲ ಹುಟ್ಟಲ್ಲ, ಬಡ್ಡಿ ಏರುತ್ತೆ, ನೋಟೀಸು ಬರುತ್ತೆ. ಈ ಆರು ಸಾವಿರ ಮರ್ವಾದೆ ಬಾಬ್ತು.” ಆಮೇಲೆ ಮೇಡಂ ಕಡೆ ತಿರುಗಿ, “ಸೊಸೈಟೀಲಿ ಬಡ್ಡೀನೇ ಇಲ್ವಂತಲ್ಲ, ಐದು ಲಕ್ಷದ ತನಕ?” ಎಂದರು. ರಾಜ್ಯ ಸರ್ಕಾರದ ಶೂನ್ಯ ಬಡ್ಡಿಯ ಸಹಕಾರಿ ಸಾಲದ ಮಾತು. “ಅಲ್ಲಿ ಸಿಕ್ರ ತಗೋರಿ,” ಎಂದರು ಮೇಡಂ, ಬೇಸರವಿಲ್ಲದೆ. ಮತ್ತೆ ಹೊರಡುವಾಗ ಬಾಗಿಲಲ್ಲಿ, ಎಲ್ಲ ಮನೆಗಳಲ್ಲೂ ಬರುವ ಕೊನೆಯ ಪ್ರಶ್ನೆ: “ಮನ್ನಾ ಏನಾದ್ರೂ ಆಗುತ್ತಾ?” 2008ರಲ್ಲಿ ಕೇಂದ್ರ ಮಾಡಿತ್ತು, 2018ರಲ್ಲಿ ರಾಜ್ಯ. ಹತ್ತು ವರ್ಷಕ್ಕೊಂದು ಎಂದು ಇಲ್ಲಿನ ಜನ ಲೆಕ್ಕ ಇಟ್ಟಿದ್ದಾರೆ. ಮೇಡಂ ಹೆಲ್ಮೆಟ್ಟಿನೊಳಗಿಂದ ಏನೋ ಅಂದರು, ಸ್ಕೂಟರಿನ ಸದ್ದಿಗೆ ಕೇಳಲಿಲ್ಲ.

ವಾಪಸು ಬರುವ ದಾರಿಯಲ್ಲಿ ಗೊತ್ತಾದದ್ದು, ಬ್ಯಾಂಕಿನ ಗೋಡೆಯಲ್ಲಿರುವ ಬಡ್ಡಿ ದರದ ಫಲಕ ಅರ್ಧ ಮಾತ್ರ ಎಂದು. ಪಹಣಿ ಶುದ್ಧ ಇರುವವನಿಗೆ ನಾಲ್ಕು. ಪಹಣಿಯಲ್ಲಿ ಅಜ್ಜ ಕೂತಿದ್ದರೆ ಹೆಂಡತಿಯ ಸರ, ಅದಕ್ಕೆ ಆ ನಾಲ್ಕರ ಎರಡರಷ್ಟು, ಇನ್ನೂ ಮೇಲೆ. ಸರವೂ ಇಲ್ಲದಿದ್ದರೆ ವಾರದ ಕಂತಿನ ಮೈಕ್ರೋಫೈನಾನ್ಸ್ ಸಂಘ. ಅಲ್ಲಿನ ವಸೂಲಿ ಕಾಟಕ್ಕೆ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅದಕ್ಕೂ ಕೆಳಗೆ ನೂರಕ್ಕೆ ಮೂರು, ನೂರಕ್ಕೆ ಐದು. 1969ರ ಜುಲೈ 19ರಂದು 14 ಬ್ಯಾಂಕುಗಳು ಸರ್ಕಾರದ್ದಾದವು, 1980ರಲ್ಲಿ ಇನ್ನೂ ಆರು; ಸಾಹುಕಾರನ ಬಡ್ಡಿಯಿಂದ ಹಳ್ಳಿಗೆ ಬಿಡುಗಡೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಬ್ಯಾಂಕು ಹಳ್ಳಿಗೆ ಬಂದದ್ದು ಸುಳ್ಳಲ್ಲ, ಮೆಟ್ಟಿಲ ಮೇಲಿನ ಚಪ್ಪಲಿಗಳೇ ಸಾಕ್ಷಿ. ಸಾಹುಕಾರ ಊರು ಬಿಟ್ಟಿಲ್ಲ ಅಷ್ಟೇ. ವರ್ಷಕ್ಕೆರಡು ದಿನ ಬ್ಯಾಂಕಿನ ಸಾಲವನ್ನೂ ಅವನೇ ತೀರಿಸಿಕೊಡುತ್ತಾನೆ.

ಸಂಜೆ ಶಟರ್ ಅರ್ಧ ಇಳಿದಿದೆ. ಕ್ಯಾಶಿಯರ್ ನೋಟು ಎಣಿಸುವ ಯಂತ್ರದ ಮುಂದೆ. ಹತ್ತು ರೂಪಾಯಿ ಹೆಚ್ಚಿಗೆ ಬರುತ್ತಿದೆ. ಕಡಿಮೆ ಬಂದರೆ ಕೈಯಿಂದ ಹಾಕಿ ಮನೆಗೆ ಹೋಗಬಹುದು, ಹೆಚ್ಚಿಗೆ ಬಂದರೆ ಯಾರದೆಂದು ಹುಡುಕಬೇಕು ಎಂದು ಗೊಣಗುತ್ತಾ ಅವರು ಮತ್ತೆ ಚಲನ್‌ಗಳ ಕಟ್ಟು ಬಿಚ್ಚುತ್ತಾರೆ. ಅರ್ಧಕ್ಕರ್ಧ ನನ್ನ ಅಕ್ಷರ. ಪಿಗ್ಮಿ ಕಲೆಕ್ಟರ್ ಪುಟ್ಟ ಯಂತ್ರ ಹಿಡಿದು ಒಳಗೆ ಬರುತ್ತಾರೆ: ಹೂವಿನವಳ ಐವತ್ತು, ಸೈಕಲ್ ಶಾಪಿನ ನೂರು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಕೂಡಿಸಲು ಶುರುಮಾಡಿದ ಉಪಾಯ ಇದು. ಈ ಶಾಖೆಯಲ್ಲಿ ಯಾವ ದಾಖಲೆಯೂ ಬೇಡದೆ, ಯಾರ ಸಹಿಗೂ ಕಾಯದೆ ದಿನಾ ನಡೆಯುವ ವ್ಯವಹಾರ ಬಹುಶಃ ಇದೊಂದೇ. ಹಣ ಜನರಿಂದ ಬ್ಯಾಂಕಿನತ್ತ ಬರುವಾಗ ಹೆಸರು ಅಷ್ಟಾಗಿ ತೊಡಕಾಗುವುದಿಲ್ಲ.

ನನ್ನ ಕಾಲೇಜಿಗೆ ವರದಿ ಬೇಕು. ಅದರಲ್ಲಿ ‘ಸ್ವಾಟ್’ ವಿಶ್ಲೇಷಣೆ ಕಡ್ಡಾಯ: ಬಲ, ದೌರ್ಬಲ್ಯ, ಅವಕಾಶ, ಬೆದರಿಕೆ, ನಾಲ್ಕು ಚೌಕ. ಕರಡನ್ನು ಮ್ಯಾನೇಜರ್ ಸರ್ ಮುಂದೆ ಇಡುತ್ತೇನೆ. ಅವರು ಹಸಿರು ಪೆನ್ನು ತೆಗೆದು ಓದುತ್ತಾ ಹೋಗುತ್ತಾರೆ. ದೌರ್ಬಲ್ಯದ ಚೌಕದಲ್ಲಿ ನಾನು ಬರೆದಿದ್ದೆ: ‘ಪೌತಿ ಖಾತೆಯಾಗದ ಜಮೀನುಗಳಿಂದಾಗಿ ಸಾಲ ಪಡೆಯಲಾಗದ ರೈತರು.’ ಸರ್ ಅದಕ್ಕೊಂದು ಗೆರೆ ಎಳೆದರು.

“ಇದು ನಮ್ಮ ವೀಕ್‌ನೆಸ್ ಅಲ್ಲ ಕಣಮ್ಮ, ತಾಲ್ಲೂಕು ಕಚೇರೀದು.”

“ಹಾಗಾದ್ರೆ ಎಲ್ಲಿ ಹಾಕಲಿ ಸರ್?”

ಸ್ವಲ್ಪ ಯೋಚಿಸಿದರು. ಅವಕಾಶದ ಚೌಕಕ್ಕೆ ಒಂದು ಬಾಣದ ಗುರುತು ಹಾಕಿದರು. ಚಿನ್ನದ ಸಾಲದಲ್ಲಿ ಈ ಸಲ ಶಾಖೆ ಗುರಿ ಮೀರಿದೆ ಎಂದು ಆವತ್ತೇ ಮಧ್ಯಾಹ್ನ ರೀಜನಲ್ ಆಫೀಸಿನಿಂದ ಮೆಚ್ಚುಗೆಯ ಮೇಲ್ ಬಂದಿತ್ತಂತೆ.